ಉಪ್ಪು ಹೊಕ್ಕ ಕಾಂಕ್ರೀಟು: ಮೀಟರಿನ ಅಂಕೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಹೊಸ ಮನೆಗೆ ಕರೆಂಟು ಎಳೆಯುವಾಗ ವಯರ್‌ಮ್ಯಾನ್ ಅಂಗಳದ ಮೂಲೆಯಲ್ಲಿ ಒಂದು ಗುಂಡಿ ತೋಡಿಸಿ, ಅದರಲ್ಲಿ ಪೈಪು ನಿಲ್ಲಿಸಿ, ಸುತ್ತಲೂ ಇದ್ದಿಲು ಮತ್ತು ಕಲ್ಲುಪ್ಪನ್ನು ಪದರ ಪದರವಾಗಿ ಹಾಕಿಸುವುದನ್ನು ನಮ್ಮ ಕಡೆಯವರೆಲ್ಲ ನೋಡಿದ್ದಾರೆ. ಬೇಸಗೆಯಲ್ಲಿ ಆಗಾಗ ಒಂದು ಕೊಡ ನೀರು ಹೊಯ್ಯಿರಿ ಎಂದು ಹೇಳಿ ಹೋಗುತ್ತಾರೆ. ಉಪ್ಪೂ ತೇವವೂ ಸೇರಿದರೆ ಮಣ್ಣು ಕರೆಂಟಿಗೆ ಸುಲಭವಾಗಿ ದಾರಿ ಬಿಡುತ್ತದೆ, ಅರ್ಥಿಂಗ್ ಗಟ್ಟಿಯಾಗುತ್ತದೆ. ಅದೇ ಉಪ್ಪು, ಅದೇ ತೇವ ಮನೆಯ ಕಾಂಕ್ರೀಟಿನೊಳಗೆ, ಮಲಯಾಳದಲ್ಲಿ ನಾವು ವಾರ್ಪು ಅನ್ನುತ್ತೇವಲ್ಲ, ಅದರೊಳಗೆ ಸೇರಿದರೆ? ಅಲ್ಲಿಯೂ ಕರೆಂಟಿಗೆ ದಾರಿ ಸುಲಭವಾಗುತ್ತದೆ. ಆದರೆ ಒಳಗಿರುವ ಕಬ್ಬಿಣದ ಕಂಬಿಗೆ ಅದು ಒಳ್ಳೆಯ ಸುದ್ದಿಯಲ್ಲ.

ಮಂಜೇಶ್ವರದಿಂದ ತೃಕ್ಕರಿಪುರದ ತನಕ ಕಡಲ ಬದಿಯಲ್ಲಿ ಗಲ್ಫ್ ದುಡ್ಡಿನಿಂದ 1980 ಮತ್ತು 90ರ ದಶಕಗಳಲ್ಲಿ ಎದ್ದ ಟೆರೇಸ್ ಮನೆಗಳಿಗೆ ಈಗ ಮೂವತ್ತು ನಲವತ್ತು ವರ್ಷ. ಸ್ಲ್ಯಾಬಿನ ಅಡಿಯಿಂದ ಗಾರೆಯ ಚಕ್ಕೆ ಉದುರುವುದು, ಸನ್‌ಶೇಡಿನ ಅಂಚಿನಲ್ಲಿ ಕೆಂಪು ಕಲೆ ಇಳಿಯುವುದು, ಕೊನೆಗೆ ಕಂಬಿ ಹೊರಗೆ ಇಣುಕುವುದು ಹೊಸ ಸಂಗತಿಯಲ್ಲ. ಹೊಸತೇನೆಂದರೆ, ಈಗ ಮನೆಯವರು ಮೇಸ್ತ್ರಿಯ ಮಾತು ಮಾತ್ರ ಕೇಳಿ ಸುಮ್ಮನಾಗುವುದಿಲ್ಲ. ಪರೀಕ್ಷೆ ಮಾಡುವವರನ್ನು ಕರೆಸುತ್ತಾರೆ. ಶಾಲೆ, ಮದ್ರಸ, ದೇವಸ್ಥಾನದ ಸಭಾಭವನಗಳಿಗೂ ಅವರು ಬರುತ್ತಾರೆ. ಪೆಟ್ಟಿಗೆಯಿಂದ ಮೀಟರು ತೆಗೆದು ಗೋಡೆಗೆ ಒತ್ತಿ, ಅಂಕೆ ಬರೆದುಕೊಂಡು, ವಾರದ ಬಳಿಕ ಹತ್ತಿಪ್ಪತ್ತು ಪುಟಗಳ ಇಂಗ್ಲಿಷ್ ರಿಪೋರ್ಟು ಕಳಿಸುತ್ತಾರೆ. ರಿಪೇರಿಯೋ, ಕೆಡವಿ ಹೊಸತು ಕಟ್ಟುವುದೋ ಎಂಬ ಲಕ್ಷಗಟ್ಟಲೆ ರೂಪಾಯಿಯ ತೀರ್ಮಾನ ಆ ಅಂಕೆಗಳ ಮೇಲೆ ನಿಲ್ಲುತ್ತದೆ.

ತೊಂದರೆ ಇರುವುದು ಇಲ್ಲೇ. ಉಪ್ಪು ಕಂಬಿಯನ್ನು ಮಾತ್ರ ಕೆಡಿಸುವುದಲ್ಲ, ಕಂಬಿಯ ಸ್ಥಿತಿಯನ್ನು ಅಳೆಯುವ ಮೀಟರಿನ ಲೆಕ್ಕವನ್ನೂ ಏರುಪೇರು ಮಾಡುತ್ತದೆ. ಒಂದು ಅಂಕೆಯನ್ನು ಮಾತ್ರ ನೋಡಿದರೆ ಗಟ್ಟಿ ಮನೆಗೆ ಕೆಟ್ಟ ಹೆಸರು ಬರಬಹುದು. ಒಳಗೊಳಗೇ ಹಾಳಾದ ಮನೆ ಪಾಸಾಗಲೂಬಹುದು. ಈ ಲೇಖಕ ಓದಿದ್ದು ಕಲಾ ವಿಭಾಗದಲ್ಲಿ, ಓಮನ ನಿಯಮ ಹೈಸ್ಕೂಲಿಗೇ ಮುಗಿದಿತ್ತು. ಆದರೂ ಸ್ವಲ್ಪ ತಾಳ್ಮೆಯಿಂದ ಕುಳಿತರೆ ಇದು ಯಾರಿಗೂ ಅರ್ಥವಾಗದ ವಿಷಯವಲ್ಲ.

ಉಪ್ಪಿನ ಕಾಟ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಗೋವೆಯ ಕನ್ನಡಿಗರು ದೂರ ಹೋಗಬೇಕಿಲ್ಲ. ಪಣಜಿಯಲ್ಲಿ ಮಾಂಡೋವಿ ನದಿಗೆ ಕಟ್ಟಿದ್ದ ಮೊದಲ ಸೇತುವೆ 1986ರ ಜುಲೈ 5ರಂದು ಕುಸಿದು ಬಿತ್ತು. ಸಮುದ್ರದ ಉಪ್ಪು ಗಾಳಿ, ಅಳಿವೆಯ ಉಪ್ಪು ನೀರಿನ ನಡುವೆ ಇದ್ದ ಆ ಸೇತುವೆಯ ಕಾಂಕ್ರೀಟಿನೊಳಗೆ ಬಿಗಿದು ಕಟ್ಟಿದ ಉಕ್ಕಿನ ತಂತಿಗಳಿಗೆ ತುಕ್ಕು ಹಿಡಿದದ್ದನ್ನು ಇಂಜಿನಿಯರುಗಳು ಮುಖ್ಯ ಕಾರಣವಾಗಿ ಹೇಳುತ್ತಾರೆ. ಜನರು ಮತ್ತೆ ವರ್ಷಗಟ್ಟಲೆ ಫೆರ್ರಿ ದೋಣಿ ಹತ್ತಬೇಕಾಯಿತು.

ಕಾಂಕ್ರೀಟಿನೊಳಗೆ ಕರೆಂಟು ಹರಿಯುವುದು ಹೇಗೆ?

ಕಾಂಕ್ರೀಟು ನೋಡಲು ಕಲ್ಲಿನಂತೆ. ಆದರೆ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಜಾಲವಿದೆ. ಸಿಮೆಂಟು ನೀರಿನೊಂದಿಗೆ ಸೇರಿ ಗಟ್ಟಿಯಾದ ಬಳಿಕ ಉಳಿದ ನೀರು ಆ ರಂಧ್ರಗಳಲ್ಲಿ ನಿಲ್ಲುತ್ತದೆ. ಅದು ಬರಿಯ ನೀರಲ್ಲ. ಸೋಡಿಯಂ, ಪೊಟ್ಯಾಸಿಯಂ, ಹೈಡ್ರಾಕ್ಸಿಲ್ ಎಂಬ ಅಯಾನುಗಳು ಕರಗಿದ ಗಾಢ ಕ್ಷಾರ. ಹೊಸ ಕಾಂಕ್ರೀಟಿನಲ್ಲಿ ಅದರ ಪಿಎಚ್ 12.5ರಿಂದ 13.5ರ ನಡುವೆ ಇರುತ್ತದೆ. ಹಸಿ ಸಿಮೆಂಟು ಕಲಸಿದ ಕೂಲಿಯವರ ಕೈ ಒಡೆಯುವುದು ಈ ಕ್ಷಾರದಿಂದಲೇ. ಲೋಹದ ತಂತಿಯಲ್ಲಿ ಎಲೆಕ್ಟ್ರಾನುಗಳು ಓಡಿದರೆ ಇಲ್ಲಿ ಈ ಅಯಾನುಗಳು ರಂಧ್ರದಿಂದ ರಂಧ್ರಕ್ಕೆ ತೆವಳುತ್ತವೆ. ಕರೆಂಟು ಹರಿಯುವುದೆಂದರೆ ಇದೇ.

ಈ ಕ್ಷಾರವೇ ಕಂಬಿಯ ರಕ್ಷಕ. ಇದರ ಸಹವಾಸದಲ್ಲಿ ಕಬ್ಬಿಣದ ಮೈಮೇಲೆ ತೀರಾ ತೆಳುವಾದ ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ. ಆ ಪೊರೆ ಇರುವ ತನಕ ತುಕ್ಕು ಇಲ್ಲವೆನ್ನುವಷ್ಟು ಕಡಿಮೆ. ಉಪ್ಪಿನ ಕ್ಲೋರೈಡ್ ಒಂದು ಮಿತಿ ದಾಟಿ ಕಂಬಿಯ ಹತ್ತಿರ ಸೇರಿದರೆ ಪೊರೆ ಅಲ್ಲಲ್ಲಿ ತೂತಾಗುತ್ತದೆ. ಕಂಬಿಯ ಒಂದು ಭಾಗ ಕರಗಲು ತೊಡಗುತ್ತದೆ, ಉಳಿದ ಭಾಗ ಅದಕ್ಕೆ ಜೊತೆ ಕೊಡುತ್ತದೆ, ನಡುವಿನ ತೇವದ ಕಾಂಕ್ರೀಟು ಟಾರ್ಚಿನ ಸೆಲ್ಲಿನೊಳಗಿನ ರಾಸಾಯನಿಕದ ಕೆಲಸ ಮಾಡುತ್ತದೆ. ಹುಟ್ಟುವ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ತಿನ್ನುತ್ತದೆ. ಹಾಗಾಗಿ ಒಳಗಿನಿಂದಲೇ ಒತ್ತಿ ಸ್ಲ್ಯಾಬಿನ ಚಕ್ಕೆ ಎಬ್ಬಿಸುತ್ತದೆ.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ಆಶ್ಚರ್ಯ ತರುವಂಥದ್ದು. ಸಮುದ್ರದ ನೀರು ಕರೆಂಟಿಗೆ ಒಡ್ಡುವ ತಡೆ ಸುಮಾರು 0.2 ಓಮ್-ಮೀಟರ್, ಅಂದರೆ ತೀರಾ ಕಡಿಮೆ. ಆದರೆ ಕಾಂಕ್ರೀಟಿನ ರಂಧ್ರಗಳೊಳಗಿನ ಕ್ಷಾರದ ನೀರು ಸಮುದ್ರದ ನೀರಿನಷ್ಟೇ, ಎಷ್ಟೋ ಸಲ ಅದಕ್ಕಿಂತಲೂ ಸುಲಭವಾಗಿ ಕರೆಂಟು ಒಯ್ಯುತ್ತದೆ! ಹೈಡ್ರಾಕ್ಸಿಲ್ ಅಯಾನಿನ ಕರೆಂಟು ಒಯ್ಯುವ ಶಕ್ತಿ ಕ್ಲೋರೈಡಿನದ್ದಕ್ಕಿಂತ ಎರಡೂವರೆ ಪಟ್ಟು ಹೆಚ್ಚು ಎಂಬುದೇ ಕಾರಣ. ಹಾಗಾದರೆ ನೀರು ಕುಡಿದು ತುಂಬಿರುವ ಒಳ್ಳೆಯ ಕಾಂಕ್ರೀಟಿಗೆ ಸಮುದ್ರದ ಉಪ್ಪು ಸೇರಿದ ಮಾತ್ರಕ್ಕೆ ಮೀಟರಿನ ಅಂಕೆ ಪಾತಾಳಕ್ಕೆ ಇಳಿಯಬೇಕಾಗಿಲ್ಲ. ಉಪ್ಪು ಸೇರಿದರೆ ತಡೆ ಇಳಿಯುತ್ತದೆ ಎಂಬ ನೇರ ಲೆಕ್ಕ ಅಂಗಳದ ಅರ್ಥಿಂಗ್ ಗುಂಡಿಗೆ ಸರಿ. ಕಾಂಕ್ರೀಟಿನಲ್ಲಿ ಅದು ಅರ್ಧ ಮಾತ್ರ.

ಆಟಿ ತಿಂಗಳ ಉಪ್ಪಿನ ಭರಣಿ

ಉಳಿದರ್ಧ ಅಡುಗೆ ಮನೆಯಲ್ಲಿ ಸಿಗುತ್ತದೆ. ಆಟಿ ತಿಂಗಳಲ್ಲಿ ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುವುದು ಎಲ್ಲರ ಮನೆಯ ಅನುಭವ. ಶುದ್ಧವಾದ ಅಡುಗೆ ಉಪ್ಪು ಗಾಳಿಯ ತೇವಾಂಶ ಶೇಕಡಾ 75 ದಾಟಿದಾಗ ನೀರು ಹೀರಿ ಕರಗಲು ತೊಡಗುತ್ತದೆ. ಕಡಲ ನೀರಿನ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡೂ ಇರುತ್ತದೆ. ಅದಕ್ಕೆ ಶೇಕಡಾ 33ರಷ್ಟು ತೇವಾಂಶವೇ ಸಾಕು. ಕಲ್ಲುಪ್ಪು ಪುಡಿಯುಪ್ಪಿಗಿಂತ ಬೇಗ ಒದ್ದೆಯಾಗುವುದು ಇದರಿಂದ.

ಕಾಂಕ್ರೀಟಿನೊಳಗೆ ಸೇರಿದ ಉಪ್ಪೂ ಇದನ್ನೇ ಮಾಡುತ್ತದೆ. ಉಪ್ಪಿಲ್ಲದ ಗೋಡೆ ಮಳೆ ನಿಂತು ಕೆಲವು ವಾರಗಳಲ್ಲಿ ಒಣಗುತ್ತದೆ, ರಂಧ್ರಗಳ ನೀರು ಖಾಲಿಯಾಗುತ್ತದೆ, ಅಯಾನುಗಳಿಗೆ ದಾರಿ ಕಡಿಯುತ್ತದೆ, ಮೀಟರಿನ ಅಂಕೆ ಮೇಲೇರುತ್ತದೆ. ಉಪ್ಪು ಹೊಕ್ಕ ಗೋಡೆ ಗಾಳಿಯಿಂದಲೇ ನೀರು ಎಳೆದುಕೊಂಡು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸುಣ್ಣ ಬಳಿದರೂ ಪೇಂಟು ಹೊಡೆದರೂ ಅದೇ ಜಾಗದಲ್ಲಿ ಮತ್ತೆ ಮತ್ತೆ ಕಾಣುವ ಒದ್ದೆ ಕಲೆ ಎಷ್ಟೋ ಸಲ ಸೋರಿಕೆಯದ್ದಲ್ಲ, ಉಪ್ಪಿನದ್ದು. ಅಂದರೆ ಉಪ್ಪು ಕರೆಂಟಿನ ತಡೆಯನ್ನು ಇಳಿಸುವುದು ತಾನು ಕರೆಂಟು ಒಯ್ಯುವುದರಿಂದ ಮಾತ್ರವಲ್ಲ, ಒಣಗಲು ಬಿಡದೆ ಇರುವುದರಿಂದಲೂ. ನಮ್ಮ ಕರಾವಳಿಯ ಮನೆಗಳಲ್ಲಿ ಈ ಎರಡನೆಯದ್ದೇ ದೊಡ್ಡದು ಎಂದು ನನಗನಿಸುತ್ತದೆ.

ಉಪ್ಪಿಗೆ ಮೂರನೆಯ ಮುಖವೂ ಉಂಟು. ಒಳಬಂದ ಕ್ಲೋರೈಡೆಲ್ಲ ನೀರಿನಲ್ಲಿ ಕರಗಿಯೇ ಇರುವುದಿಲ್ಲ. ಒಂದು ಪಾಲು ಸಿಮೆಂಟಿನಲ್ಲಿರುವ ಅಲ್ಯುಮಿನೇಟ್ ಅಂಶದೊಂದಿಗೆ ಸೇರಿ ಹರಳಾಗುತ್ತದೆ. ಇದಕ್ಕೆ ಫ್ರೀಡೆಲ್ ಲವಣ ಎಂದು ಹೆಸರು. ಹೀಗೆ ಕಟ್ಟಿಬಿದ್ದ ಕ್ಲೋರೈಡ್ ಕರೆಂಟು ಒಯ್ಯುವುದಿಲ್ಲ, ಕಂಬಿಯನ್ನೂ ಮುಟ್ಟುವುದಿಲ್ಲ. ಬದಲಿಗೆ ರಂಧ್ರಗಳನ್ನು ಕೊಂಚ ಮುಚ್ಚುತ್ತದೆ. ಸದಾ ನೀರಿನಲ್ಲಿ ಮುಳುಗಿರುವ ಸೇತುವೆ ಕಂಬಗಳ ಮೈಮೇಲಂತೂ ಸಮುದ್ರದ ನೀರಿನ ಮೆಗ್ನೀಸಿಯಂ ಸೇರಿ ಬ್ರೂಸೈಟ್ ಎಂಬ ಬಿಳಿ ಪದರ ಕಟ್ಟುತ್ತದೆ. ಆಗ ಉಪ್ಪುನೀರಿನಲ್ಲಿದ್ದೂ ಮೀಟರಿನ ಅಂಕೆ ಏರಿದ ಉದಾಹರಣೆಗಳಿವೆ. ಒಟ್ಟಿನಲ್ಲಿ ಉಪ್ಪಿಗೂ ಅಂಕೆಗೂ ಒಂದೇ ದಿಕ್ಕಿನ ಸಂಬಂಧವಿಲ್ಲ.

ನಾಲ್ಕು ಮೊಳೆಯ ಮೀಟರು

ಪರೀಕ್ಷೆಯವರು ಗೋಡೆಗೆ ಒತ್ತುವ, ಸಾಲಾಗಿ ನಾಲ್ಕು ಮೊಳೆಗಳಿರುವ ಉಪಕರಣವನ್ನು ನೀವು ನೋಡಿರಬಹುದು. ಇದರ ಮೂಲ ಕಾಂಕ್ರೀಟಿನಲ್ಲಿಲ್ಲ, ಮಣ್ಣಿನಲ್ಲಿದೆ. ಅಮೆರಿಕದ ಮಾನಕಗಳ ಸಂಸ್ಥೆಯಲ್ಲಿದ್ದ ಫ್ರಾಂಕ್ ವೆನ್ನರ್ 1915ರಲ್ಲಿ ನೆಲದ ತಡೆಯನ್ನು ಅಳೆಯಲು ಈ ಕ್ರಮವನ್ನು ವಿವರಿಸಿದ. ಹೊರಗಿನ ಎರಡು ಮೊಳೆಗಳಿಂದ ಕರೆಂಟು ಹಾಯಿಸುವುದು, ಒಳಗಿನ ಎರಡರ ನಡುವೆ ವೋಲ್ಟೇಜು ಅಳೆಯುವುದು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿ, ಮೊಳೆಗಳ ನಡುವಿನ ಅಂತರದಿಂದಲೂ 6.28ರಿಂದಲೂ ಗುಣಿಸಿದರೆ ಆ ವಸ್ತುವಿನ ರೆಸಿಸ್ಟಿವಿಟಿ, ಅಂದರೆ ಕರೆಂಟನ್ನು ತಡೆಯುವ ಗುಣ ಸಿಗುತ್ತದೆ. ಮೊಳೆಗಳ ಅಂತರ 5 ಸೆಂಟಿಮೀಟರ್, ಭಾಗಿಸಿ ಬಂದದ್ದು 300 ಓಮ್ ಎಂದಿಟ್ಟುಕೊಳ್ಳಿ. 0.05 ಮೀಟರ್, 6.28, 300 ಮೂರನ್ನೂ ಗುಣಿಸಿದರೆ ಸುಮಾರು 94 ಓಮ್-ಮೀಟರ್.

ಈ 94 ಒಳ್ಳೆಯದೋ ಕೆಟ್ಟದ್ದೋ? ಯುರೋಪಿನ ತಜ್ಞರ ಸಮಿತಿಯೊಂದು ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿಗೆ ಕೊಟ್ಟ ಪಟ್ಟಿಯ ಪ್ರಕಾರ 100ಕ್ಕಿಂತ ಕೆಳಗಿದ್ದರೆ ತುಕ್ಕಿನ ಅಪಾಯ ಹೆಚ್ಚು, 100ರಿಂದ 500 ಮಧ್ಯಮ, 500ರಿಂದ 1000 ಕಡಿಮೆ, ಅದರ ಮೇಲೆ ಚಿಂತೆಯಿಲ್ಲ. ಬಳಕೆಯಲ್ಲಿರುವ ಇನ್ನೊಂದು ಪಟ್ಟಿಯಲ್ಲಿ ಮೆಟ್ಟಿಲುಗಳು 50, 100 ಮತ್ತು 200. ಹಾಗಾಗಿ 250 ಎಂಬ ಅಂಕೆ ಒಂದು ಪಟ್ಟಿಯಲ್ಲಿ ಮಧ್ಯಮ ಅಪಾಯ, ಇನ್ನೊಂದರಲ್ಲಿ ಅಪಾಯವೇ ಕಡಿಮೆ. ನಿಮ್ಮ ರಿಪೋರ್ಟಿನಲ್ಲಿ ಯಾವ ಪಟ್ಟಿ ಹಿಡಿದಿದ್ದಾರೆಂದು ಕೇಳುವುದು ಅಧಿಕಪ್ರಸಂಗವಲ್ಲ. ಇನ್ನೂ ಒಂದು ಎಚ್ಚರಿಕೆ: ಕೆಲವು ಮೀಟರುಗಳು ಕಿಲೋಓಮ್-ಸೆಂಟಿಮೀಟರಿನಲ್ಲಿ ತೋರಿಸುತ್ತವೆ. ಅಲ್ಲಿನ 10 ಎಂದರೆ ಇಲ್ಲಿನ 100.

ಪಟ್ಟಿಗಿಂತ ದೊಡ್ಡ ತೊಡಕು ಗೋಡೆಯ ಹೊರಮೈಯದ್ದು. ಕಡಲಿನಿಂದ ಬರುವ ಗಾಳಿ ಉಪ್ಪಿನ ಸಣ್ಣ ಹನಿಗಳನ್ನು ತಂದು ಗೋಡೆಗೆ ಮೆತ್ತುತ್ತದೆ. ಹೊರಗಿನ ಕೆಲವು ಮಿಲಿಮೀಟರು ಉಪ್ಪಿನಿಂದ ಒದ್ದೆ, ಒಳಗೆ ಒಣಗಿದ ಒಳ್ಳೆಯ ಕಾಂಕ್ರೀಟು ಇದ್ದರೆ ಕರೆಂಟು ಸುಲಭದ ದಾರಿ ಹಿಡಿದು ಆ ತೆಳು ಪದರದಲ್ಲೇ ಓಡಿಬಿಡುತ್ತದೆ. ಅಂಕೆ ತೀರಾ ಕಡಿಮೆ ಬರುತ್ತದೆ. ಒಳಗೆ ಕಂಬಿ ಸುಖವಾಗಿರುತ್ತದೆ, ರಿಪೋರ್ಟಿನಲ್ಲಿ ಮಾತ್ರ ಕೆಂಪು ಗೆರೆ! ಇದಕ್ಕೆ ತದ್ವಿರುದ್ಧವೂ ಆಗುವುದುಂಟು. ಹಳೆಯ ಗೋಡೆಯ ಹೊರಪದರ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕ್ಷಾರ ಕಳೆದುಕೊಂಡು ಒಣಗಿದ್ದರೆ ಅಂಕೆ ಚೆನ್ನಾಗಿಯೇ ಬರುತ್ತದೆ. ಅದರ ಹಿಂದೆ ಉಪ್ಪು ಕುಳಿತದ್ದು ಮೀಟರಿಗೆ ಕಾಣುವುದಿಲ್ಲ.

ಅನುಭವಿಗಳು ಇದಕ್ಕೆ ಉಪಾಯ ಕಂಡುಕೊಂಡಿದ್ದಾರೆ. ಪೇಂಟು, ಗಾರೆ ಕೆತ್ತಿ ತೆಗೆದು ಮೈಯನ್ನು ಸಿಹಿನೀರಿನಿಂದ ತೊಳೆದು ನೆನೆಯಲು ಬಿಡುತ್ತಾರೆ. ಮೊಳೆಗಳ ಅಂತರವನ್ನು ಬದಲಿಸಿ ಎರಡು ಸಲ ಅಳೆಯುತ್ತಾರೆ. ಅಂತರ ಹೆಚ್ಚಿದಷ್ಟೂ ಕರೆಂಟು ಆಳಕ್ಕೆ ಇಳಿಯುವುದರಿಂದ ಎರಡೂ ಅಂಕೆಗಳು ಹತ್ತಿರ ಹತ್ತಿರ ಇದ್ದರೆ ಒಳಹೊರಗು ಒಂದೇ ತರ ಎಂದರ್ಥ. ತುಂಬಾ ದೂರವಿದ್ದರೆ ಹೊರಪದರದ ಮೋಸ ಎಂದು ಗುಮಾನಿಪಡಬೇಕು. ಮೊಳೆಗಳ ಸಾಲು ಕಂಬಿಯ ಮೇಲೆಯೇ ಬಿದ್ದರೂ ಅಂಕೆ ಸುಳ್ಳಾಗುತ್ತದೆ, ಯಾಕೆಂದರೆ ಕರೆಂಟು ಕಾಂಕ್ರೀಟು ಬಿಟ್ಟು ಕಂಬಿಯಲ್ಲೇ ಹೋಗುತ್ತದೆ. ಮೊದಲು ಕಂಬಿ ಎಲ್ಲೆಲ್ಲಿದೆ ಎಂದು ಕವರ್ ಮೀಟರಿನಿಂದ ಗುರುತು ಹಾಕದೆ ನೇರವಾಗಿ ಮೊಳೆ ಒತ್ತುವವರನ್ನು ಕಂಡರೆ ನನಗೆ ಅನುಮಾನ ಬರುತ್ತದೆ.

ಮಿಲಿವೋಲ್ಟಿನ ಭಾಷೆ

ಎರಡನೆಯ ಉಪಕರಣ ಇನ್ನೂ ಸರಳ. ತಾಮ್ರದ ಸರಳನ್ನು ಮೈಲುತುತ್ತಿನ ದ್ರಾವಣದಲ್ಲಿ ಅದ್ದಿಟ್ಟ ಒಂದು ಕೊಳವೆ, ತುದಿಯಲ್ಲಿ ಒದ್ದೆ ಸ್ಪಂಜು. (ಅಡಿಕೆ ತೋಟದವರಿಗೆ ಮೈಲುತುತ್ತನ್ನು ಪರಿಚಯಿಸಬೇಕಿಲ್ಲ, ಬೋರ್ಡೋ ದ್ರಾವಣಕ್ಕೆ ಹಾಕುವುದು ಅದನ್ನೇ.) ಒಂದು ಜಾಗದಲ್ಲಿ ಕಾಂಕ್ರೀಟು ಕೆತ್ತಿ ಕಂಬಿಗೆ ವಯರು ಕಟ್ಟುತ್ತಾರೆ. ವಯರಿನ ಇನ್ನೊಂದು ತುದಿ ವೋಲ್ಟ್ ಮೀಟರಿಗೆ, ಅಲ್ಲಿಂದ ಕೊಳವೆಗೆ. ಸ್ಪಂಜನ್ನು ಅಡಿಗೊಂದರಂತೆ ಸರಿಸುತ್ತಾ ಹೋದರೆ ಕಂಬಿಯ ಸ್ಥಿತಿ ಮಿಲಿವೋಲ್ಟಿನಲ್ಲಿ ತಿಳಿಯುತ್ತದೆ. ಇದಕ್ಕೆ ಹಾಫ್ ಸೆಲ್ ಪರೀಕ್ಷೆ ಎನ್ನುತ್ತಾರೆ.

ಈ ವಿದ್ಯೆ ಬೆಳೆದದ್ದೇ ಉಪ್ಪುನೀರಿನ ದಡದಲ್ಲಿ. ಕ್ಯಾಲಿಫೋರ್ನಿಯಾದಲ್ಲಿ 1929ರಲ್ಲಿ ತೆರೆದ ಸ್ಯಾನ್ ಮಟೇಯೊ-ಹೇವರ್ಡ್ ಸೇತುವೆ ಸಮುದ್ರದ ಕೊಲ್ಲಿಯ ಮೇಲೆ ಹಾದು ಹೋಗುತ್ತಿತ್ತು. ಅದರ ಕಾಂಕ್ರೀಟಿನ ಕಂಬಿಗಳಿಗೆ ತುಕ್ಕು ಹಿಡಿದಾಗ ಅಲ್ಲಿನ ಹೆದ್ದಾರಿ ಇಲಾಖೆಯ ರಿಚರ್ಡ್ ಸ್ಟ್ರಾಟ್‌ಫುಲ್ ವೋಲ್ಟೇಜು ಅಳೆದು ತುಕ್ಕಿನ ಜಾಗ ಗುರುತಿಸುವ ಅಧ್ಯಯನ ನಡೆಸಿ 1957ರಲ್ಲಿ ಪ್ರಕಟಿಸಿದರು. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ದೇಶಗಳಲ್ಲಿ ಸೇತುವೆಗಳು ಒಂದರ ಹಿಂದೊಂದು ಹಾಳಾಗತೊಡಗಿದ ಮೇಲೆ ಈ ಪರೀಕ್ಷೆಗೆ ಬೇಡಿಕೆ ಹೆಚ್ಚಿತು. 1977ರಲ್ಲಿ ಅಮೆರಿಕದ ಎಎಸ್‌ಟಿಎಂ ಸಂಸ್ಥೆ ಇದನ್ನು ಸಿ 876 ಎಂಬ ಮಾನಕವಾಗಿ ಹೊರತಂದಿತು. ನಮ್ಮಲ್ಲಿಯೂ ಬಹುತೇಕ ರಿಪೋರ್ಟುಗಳು ಹಿಡಿಯುವುದು ಅದರ ಲೆಕ್ಕವನ್ನೇ. ಮೈನಸ್ 200 ಮಿಲಿವೋಲ್ಟಿಗಿಂತ ಮೇಲಿದ್ದರೆ ತುಕ್ಕು ಇಲ್ಲದಿರುವ ಸಂಭವ ಶೇಕಡಾ 90ಕ್ಕಿಂತ ಹೆಚ್ಚು. ಮೈನಸ್ 350ಕ್ಕಿಂತ ಕೆಳಗಿಳಿದರೆ ತುಕ್ಕು ನಡೆಯುತ್ತಿರುವ ಸಂಭವ ಶೇಕಡಾ 90ಕ್ಕಿಂತ ಹೆಚ್ಚು. ನಡುವಿನದ್ದು ಅನಿಶ್ಚಿತ.

ಸಂಭವ ಎಂಬ ಪದ ಇಲ್ಲಿ ಮುಖ್ಯ. ಈ ಅಂಕೆ ತುಕ್ಕು ಇದೆಯೇ ಎಂದು ಸೂಚಿಸುತ್ತದೆಯೇ ಹೊರತು ಎಷ್ಟು ಬೇಗ ತಿನ್ನುತ್ತಿದೆ, ಎಷ್ಟು ತಿಂದಾಗಿದೆ ಎಂದು ಹೇಳುವುದಿಲ್ಲ. ಮೈನಸ್ 450 ಬಂದಿದೆ, ಆದ್ದರಿಂದ ಮನೆ ಬೀಳುತ್ತದೆ ಎನ್ನುವವರು ಮೀಟರು ಹೇಳದ ಮಾತನ್ನು ತಾವು ಸೇರಿಸುತ್ತಿದ್ದಾರೆ. ನೀರಿನಲ್ಲಿ ಸದಾ ಮುಳುಗಿದ ಕಂಬಗಳಲ್ಲಿ ಮೈನಸ್ 700ಕ್ಕಿಂತ ಕೆಳಗೆ ಬಂದರೂ ತುಕ್ಕು ತೀರಾ ನಿಧಾನವಾಗಿರಬಹುದು, ಏಕೆಂದರೆ ಅಲ್ಲಿ ಆಮ್ಲಜನಕವೇ ತಲುಪುವುದಿಲ್ಲ. ಕಂಬಿ ಕರಗಲು ಉಪ್ಪು, ನೀರು, ಆಮ್ಲಜನಕ ಮೂರೂ ಬೇಕು. ಅಳಿವೆಯಲ್ಲಿ ಭರತ ಇಳಿತದ ನಡುವಿನ ಭಾಗ, ಅಲೆಯ ಸಿಡಿತ ತಾಗುವ ಭಾಗ ಮೊದಲು ಹಾಳಾಗುವುದು, ಸದಾ ನೀರೊಳಗಿನ ಭಾಗ ಉಳಿಯುವುದು ಇದೇ ಕಾರಣಕ್ಕೆ.

ಇಲ್ಲಿಯೂ ಉಪ್ಪು ಅಂಕೆಯನ್ನು ಮಸುಕು ಮಾಡುತ್ತದೆ. ಕಾಂಕ್ರೀಟು ಉಪ್ಪಿನಿಂದ ತೇವವಾಗಿ ತಡೆ ಇಳಿದಿದ್ದರೆ ತುಕ್ಕು ಹಿಡಿದ ಒಂದು ಚಿಕ್ಕ ಜಾಗದ ಪ್ರಭಾವ ದೂರದ ತನಕ ಹರಡುತ್ತದೆ. ಗೇಣುದ್ದದ ತೊಂದರೆ ಮಾರುದ್ದವಾಗಿ ಕಾಣುತ್ತದೆ. ಒಣಗಿದ ಕಾಂಕ್ರೀಟಿನಲ್ಲಾದರೆ ಅದೇ ಜಾಗ ಮೀಟರಿನ ಕಣ್ಣಿಗೆ ಬೀಳದೆ ಹೋಗಬಹುದು. ಅದಕ್ಕಾಗಿ ತಿಳಿದವರು ಒಂದೊಂದು ಅಂಕೆಯನ್ನು ಹಿಡಿದು ಕೂರುವುದಿಲ್ಲ. ಎಲ್ಲವನ್ನೂ ಕಾಗದದ ಮೇಲೆ ನಕ್ಷೆಯಂತೆ ಬರೆದು, ಅಕ್ಕಪಕ್ಕದ ಜಾಗಗಳಲ್ಲಿ ಅಂಕೆ ಎಲ್ಲಿ ಥಟ್ಟನೆ ಕುಸಿಯುತ್ತದೆ ಎಂದು ನೋಡುತ್ತಾರೆ. ಅಲ್ಲಿ ಒಂದೆರಡು ಕಡೆ ಕೆತ್ತಿ ಕಂಬಿಯನ್ನು ಕಣ್ಣಾರೆ ನೋಡುವುದು ಎಲ್ಲ ಮೀಟರಿಗಿಂತ ದೊಡ್ಡ ಸಾಕ್ಷಿ. ಜಿಂಕ್ ಲೇಪಿಸಿದ ಅಥವಾ ಎಪಾಕ್ಸಿ ಬಳಿದ ಕಂಬಿಗಳಿಗೆ ಮೇಲಿನ ಲೆಕ್ಕ ಹೊಂದುವುದಿಲ್ಲ. ಮನೆಗೆ ಅಂಥ ಕಂಬಿ ಹಾಕಿಸಿದ್ದರೆ ಮೊದಲೇ ಹೇಳಿಬಿಡಿ.

ಕೂಲಂಬ್ ಸರ್ಟಿಫಿಕೇಟು

ಹೊಸ ಕಟ್ಟಡಗಳಲ್ಲಿ, ಸೇತುವೆ ಕೆಲಸಗಳಲ್ಲಿ ಕೇಳಿಬರುವ ಮೂರನೆಯ ಹೆಸರು ಆರ್‌ಸಿಪಿಟಿ. ಡೇವಿಡ್ ವೈಟಿಂಗ್ ಎಂಬವರು 1981ರಲ್ಲಿ ಅಮೆರಿಕದ ಹೆದ್ದಾರಿ ಆಡಳಿತಕ್ಕಾಗಿ ರೂಪಿಸಿದ ಪರೀಕ್ಷೆ ಇದು. 100 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ದಪ್ಪದ ಕಾಂಕ್ರೀಟು ಬಿಲ್ಲೆಯ ಒಂದು ಬದಿಗೆ ಶೇಕಡಾ 3ರ ಉಪ್ಪುನೀರು, ಇನ್ನೊಂದು ಬದಿಗೆ ಕಾಸ್ಟಿಕ್ ಸೋಡದ ತೆಳು ದ್ರಾವಣ ಇಟ್ಟು 60 ವೋಲ್ಟ್ ಕೊಟ್ಟು 6 ಗಂಟೆ ಬಿಡುತ್ತಾರೆ. ಹಾದುಹೋದ ಒಟ್ಟು ವಿದ್ಯುತ್ತನ್ನು ಕೂಲಂಬ್ ಲೆಕ್ಕದಲ್ಲಿ ಕೂಡಿಸುತ್ತಾರೆ. 4000 ದಾಟಿದರೆ ಕ್ಲೋರೈಡ್ ಸುಲಭವಾಗಿ ನುಸುಳುವ ಕಾಂಕ್ರೀಟು, 2000ದಿಂದ 4000 ಮಧ್ಯಮ, 1000ದಿಂದ 2000 ಒಳ್ಳೆಯದು, 1000ಕ್ಕಿಂತ ಕೆಳಗೆ ಬಹಳ ಒಳ್ಳೆಯದು.

ಹೆಸರಿನಲ್ಲಿ ಕ್ಲೋರೈಡ್ ಇದ್ದರೂ ಈ ಪರೀಕ್ಷೆ ಕ್ಲೋರೈಡನ್ನು ಅಳೆಯುವುದಿಲ್ಲ. ಅದು ಅಳೆಯುವುದು ಹಾದುಹೋದ ಕರೆಂಟನ್ನು. ಆ ಕರೆಂಟಿನ ದೊಡ್ಡ ಪಾಲು ರಂಧ್ರದೊಳಗಿನ ಕ್ಷಾರದ್ದು. ಕ್ಯಾಲ್ಸಿಯಂ ನೈಟ್ರೈಟಿನಂಥ ತುಕ್ಕು ನಿರೋಧಕ ಲವಣ ಬೆರೆಸಿದ ಕಾಂಕ್ರೀಟು ನಿಜಕ್ಕೂ ಒಳ್ಳೆಯದಿದ್ದರೂ ಆ ಲವಣವೇ ಕರೆಂಟು ಒಯ್ದು ಅಂಕೆಯನ್ನು ಕೆಡಿಸುತ್ತದೆ. ಮೊದಲೇ ಉಪ್ಪು ಕುಡಿದ ಹಳೆಯ ಸ್ಲ್ಯಾಬಿನಿಂದ ಬಿಲ್ಲೆ ಕೊಯ್ದು ಈ ಪರೀಕ್ಷೆಗೆ ಕೊಟ್ಟರೆ ಒಳಗಿನ ಉಪ್ಪೇ ಲೆಕ್ಕಕ್ಕೆ ಸೇರಿಬಿಡಬಹುದು. ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಿನದ್ದು ಇನ್ನೊಂದು ಕಥೆ. ಅದು ನಿಧಾನವಾಗಿ ಪಕ್ವವಾಗುವುದರಿಂದ 28 ದಿನಕ್ಕೆ ಅಳೆದರೆ ಅಂಕೆ ಚೆನ್ನಾಗಿ ಕಾಣದು, 56 ಅಥವಾ 90 ದಿನಕ್ಕೆ ಅಳೆದರೆ ನ್ಯಾಯ ಸಿಗುತ್ತದೆ. ಕರಾವಳಿಗೆ ಪಿಪಿಸಿ ಬೇಡವೆಂದು ಹೇಳುವ ಮೇಸ್ತ್ರಿಗಳು ಇನ್ನೂ ಇದ್ದಾರೆ. ಉಪ್ಪಿನ ವಿಷಯದಲ್ಲಂತೂ ಚೆನ್ನಾಗಿ ನೀರುಣಿಸಿದ ಪಿಪಿಸಿ ಕಾಂಕ್ರೀಟು ಕ್ಲೋರೈಡಿನ ನುಸುಳುವಿಕೆಯನ್ನು ಹೆಚ್ಚು ತಡೆಯುತ್ತದೆ.

ಹೊಯಿಗೆ ಮತ್ತು ನೀರು

ಇಷ್ಟೆಲ್ಲ ಮೀಟರುಗಳ ನಡುವೆ ಮರೆತುಹೋಗುವುದು ಕ್ಲೋರೈಡನ್ನೇ ನೇರವಾಗಿ ಅಳೆಯುವ ಕೆಲಸ. ಡ್ರಿಲ್ಲಿನಿಂದ ಹೊರಮೈ, ನಡು, ಕಂಬಿಯ ಮಟ್ಟ ಹೀಗೆ ಬೇರೆ ಬೇರೆ ಆಳದ ಪುಡಿ ತೆಗೆದು ಪ್ರಯೋಗಾಲಯದಲ್ಲಿ ಸಿಲ್ವರ್ ನೈಟ್ರೇಟಿನಿಂದ ಪರೀಕ್ಷಿಸುತ್ತಾರೆ. ಇದು ಮೀಟರಿನಷ್ಟು ಬೇಗ ಮುಗಿಯುವುದಿಲ್ಲ. ಆದರೆ ಉಪ್ಪು ಎಷ್ಟಿದೆ, ಎಷ್ಟು ಆಳಕ್ಕೆ ಇಳಿದಿದೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿ ಮಾತ್ರ. ಹೊರಮೈಯಲ್ಲಿ ಹೆಚ್ಚು, ಒಳಕ್ಕೆ ಹೋದಂತೆ ಕಡಿಮೆ ಇದ್ದರೆ ಉಪ್ಪು ಗಾಳಿಯಿಂದ ಬಂದದ್ದು. ಎಲ್ಲ ಆಳದಲ್ಲೂ ಒಂದೇ ತರ ಇದ್ದರೆ ಕಟ್ಟುವಾಗಲೇ ಹೊಯಿಗೆಯಲ್ಲೋ ನೀರಿನಲ್ಲೋ ಸೇರಿದ್ದು. ಮೊದಲನೆಯದಕ್ಕೆ ಹೊರಪದರದ ರಿಪೇರಿಯಿಂದ ಪ್ರಯೋಜನವಾದೀತು, ಎರಡನೆಯದಕ್ಕೆ ಅಷ್ಟು ಸುಲಭದ ಮದ್ದಿಲ್ಲ.

ಭಾರತೀಯ ಮಾನಕ ಐಎಸ್ 456 (2000) ಪ್ರಕಾರ ಕಂಬಿ ಹಾಕಿದ ಕಾಂಕ್ರೀಟಿನಲ್ಲಿ ಕಟ್ಟುವಾಗ ಒಂದು ಘನ ಮೀಟರಿಗೆ 0.6 ಕಿಲೋಗಿಂತ ಹೆಚ್ಚು ಕ್ಲೋರೈಡ್ ಇರಬಾರದು. ಇದು ಎಷ್ಟು ಸಣ್ಣ ಪ್ರಮಾಣ ಎಂದು ಒಂದು ಲೆಕ್ಕ ಹಾಕಿ ನೋಡೋಣ. ಒಂದು ಘನ ಮೀಟರು ಕಾಂಕ್ರೀಟಿಗೆ 700 ಕಿಲೋ ಹೊಯಿಗೆ ಬೇಕೆಂದಿಟ್ಟುಕೊಳ್ಳಿ. ಅಳಿವೆಯಿಂದ ತಂದ ಆ ಹೊಯಿಗೆಯಲ್ಲಿ ಶೇಕಡಾ 5ರಷ್ಟು ಸಮುದ್ರದ ನೀರಿನ ಪಸೆ ಇದ್ದರೆ ಅದು 35 ಕಿಲೋ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19 ಗ್ರಾಂ ಕ್ಲೋರೈಡ್. ಒಟ್ಟು 0.66 ಕಿಲೋ! ಸಿಮೆಂಟು, ಜಲ್ಲಿ, ನೀರು ಯಾವುದನ್ನೂ ಸೇರಿಸುವ ಮೊದಲೇ ಹೊಯಿಗೆಯೊಂದೇ ಗಡಿ ದಾಟಿಸಿತು. 2001ರಲ್ಲಿ ಕೇರಳ ಸರಕಾರ ನದಿ ಹೊಯಿಗೆ ತೆಗೆಯುವುದಕ್ಕೆ ಕಾನೂನಿನ ಕಡಿವಾಣ ಹಾಕಿದ ಮೇಲೆ ಕಡಲ ಬದಿಯ ಹೊಯಿಗೆಯ ಆಸೆಗೆ ಬಿದ್ದವರು ಈ ಲೆಕ್ಕವನ್ನು ಒಮ್ಮೆ ನೋಡುವುದು ಒಳ್ಳೆಯದು.

ನೀರಿನ ವಿಷಯ ಇನ್ನೂ ಸೂಕ್ಷ್ಮ. ಕಂಬಿ ಹಾಕಿದ ಕಾಂಕ್ರೀಟು ಕಲಸುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂಗಿಂತ ಹೆಚ್ಚು ಕ್ಲೋರೈಡ್ ಇರಬಾರದೆಂದು ಅದೇ ಮಾನಕ ಹೇಳುತ್ತದೆ. ಕುಡಿಯುವ ನೀರಿನ ಮಾನಕ ಐಎಸ್ 10500ರಲ್ಲಿ ಅಪೇಕ್ಷಿತ ಮಿತಿ 250 ಆದರೂ ಬೇರೆ ಮೂಲವಿಲ್ಲದಿದ್ದರೆ 1000ದ ತನಕ ಒಪ್ಪಿಕೊಳ್ಳಬಹುದು. ಅಂದರೆ ಅನಿವಾರ್ಯವೆಂದು ನಾವು ಕುಡಿಯುವ ನೀರು ಕಾಂಕ್ರೀಟಿಗೆ ಆಗದೆ ಇರಬಹುದು! 37 ಕೊಡ ಸಿಹಿನೀರಿಗೆ ಒಂದು ಕೊಡ ಸಮುದ್ರದ ನೀರು ಸೇರಿದರೆ 500ರ ಗಡಿ ಮುಟ್ಟಿತು. ಬಾವಿಕ್ಕರೆಯಲ್ಲಿ ಶಾಶ್ವತ ಅಡ್ಡಗಟ್ಟ ಆಗುವ ಮೊದಲು ಬೇಸಗೆಯ ಕೊನೆಗೆ ಕಾಸರಗೋಡು ಪೇಟೆಯ ನಲ್ಲಿಯಲ್ಲಿ ಬರುತ್ತಿದ್ದ ಉಪ್ಪುನೀರು ನೆನಪಿರುವವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಆ ವರ್ಷಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನಲ್ಲಿ ನೀರಿನಿಂದ ವಾರ್ಪು ಹಾಕಿಸಿದ ಮನೆಯವರು ಪುಡಿ ಪರೀಕ್ಷೆಯನ್ನು ಕೇಳಿ ಮಾಡಿಸಬೇಕು ಎಂಬುದು ನನ್ನ ಅಭಿಪ್ರಾಯ.

ಕಡಲ ಗಾಳಿಗೆ ಒಡ್ಡಿದ ಕಾಂಕ್ರೀಟಿಗೆ ಎಂ30 ದರ್ಜೆ ಮತ್ತು ಕಂಬಿಯ ಮೇಲೆ 45 ಮಿಲಿಮೀಟರ್ ಕವರ್, ಸಮುದ್ರದ ನೀರಿನ ಸಿಡಿತ ತಾಗುವಲ್ಲಿ ಎಂ35 ಮತ್ತು 50 ಮಿಲಿಮೀಟರ್ ಎಂದು ಐಎಸ್ 456 ನಿಗದಿ ಮಾಡಿದೆ. ನಮ್ಮ ಹಳೆಯ ಸನ್‌ಶೇಡುಗಳಲ್ಲಿ ಕಂಬಿಯ ಮೇಲೆ ಬೆರಳು ದಪ್ಪದ ಕಾಂಕ್ರೀಟೂ ಇರುವುದಿಲ್ಲ ಎಂಬುದು ಚಕ್ಕೆ ಬಿದ್ದಾಗ ಎಲ್ಲರಿಗೂ ಕಾಣುತ್ತದೆ.

ಪರೀಕ್ಷೆಯ ದಿನ

ಪರೀಕ್ಷೆ ಯಾವ ತಿಂಗಳು, ಯಾವ ಹೊತ್ತಿಗೆ ಎಂಬುದನ್ನು ರಿಪೋರ್ಟಿನಲ್ಲಿ ಬರೆಯಲೇಬೇಕು. ಬಿಸಿ ಏರಿದಂತೆ ಅಯಾನುಗಳು ಚುರುಕಾಗುವುದರಿಂದ ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 3ರಂತೆ ತಡೆ ಇಳಿಯುತ್ತದೆ. ಬೆಳಗ್ಗೆ 25 ಡಿಗ್ರಿ ಇದ್ದ ಟೆರೇಸ್ ಮಧ್ಯಾಹ್ನದ ಬಿಸಿಲಿಗೆ 50 ಮುಟ್ಟಿದರೆ ಅದೇ ಕಾಂಕ್ರೀಟಿನ ಅಂಕೆ ಅರ್ಧಕ್ಕೆ ಬರಬಹುದು. ಪಟ್ಟಿಗಳಲ್ಲಿರುವ ಮೆಟ್ಟಿಲುಗಳು 20 ಡಿಗ್ರಿಯ ಆಸುಪಾಸಿನವು, ನಮ್ಮ ಊರಿನ ಮೇ ತಿಂಗಳಿನವಲ್ಲ. ಮೇ ಕೊನೆಯ ಒಣ ದಿನದಲ್ಲಿ ಒಮ್ಮೆ, ಮಳೆ ಮುಗಿದು ಅಕ್ಟೋಬರಿನಲ್ಲಿ ಒಮ್ಮೆ, ಎರಡೂ ಸಲ ಬೆಳಗ್ಗಿನ ತಂಪಿನಲ್ಲಿ, ಅದೇ ಜಾಗಗಳಲ್ಲಿ ಪೇಂಟಿನ ಗುರುತು ಹಾಕಿ ಅಳೆಸಿದರೆ ಎರಡು ಅಂಕೆಗಳ ನಡುವಿನ ವ್ಯತ್ಯಾಸವೇ ಬಹಳಷ್ಟು ಹೇಳುತ್ತದೆ. ಮಳೆಯಲ್ಲಿ ಇಳಿದು ಬೇಸಗೆಯಲ್ಲಿ ಚೆನ್ನಾಗಿ ಏರುವ ಗೋಡೆ ಒಣಗಬಲ್ಲ ಗೋಡೆ. ಬೇಸಗೆಯಲ್ಲೂ ಏರದೆ ಕೆಳಗೇ ನಿಂತ ಗೋಡೆಯಲ್ಲಿ ಉಪ್ಪು ಇರಬಹುದು, ಸೋರಿಕೆಯೂ ಇರಬಹುದು. ಪುಡಿ ತೆಗೆಯಲು ಡ್ರಿಲ್ ಇಡಬೇಕಾದ್ದು ಮೊದಲು ಅಲ್ಲಿಗೆ.